ಎಂದೂ ಬರಿದಾಗದ ಸೋಪಿನ ಬಾಟಲಿಗೆ

ಸವಳಂಗ ರಸ್ತೆಯ ಆಸ್ಪತ್ರೆಯೊಂದರ ಎಳೆಮಕ್ಕಳ ವಾರ್ಡಿನ ಬಾಗಿಲಲ್ಲಿ ನಿಂತು, ಬಂದವರೆಲ್ಲರ ಕೈ ತೊಳೆಸುವ ಮಾನ್ಯ ಸೋಪಿನ ಬಾಟಲಿಯವರೇ,

ಭದ್ರಾವತಿ ಕಾಗದನಗರದ ನಿವೃತ್ತ ನೌಕರ ಗೋವಿಂದಯ್ಯ ಮಾಡುವ ನಮಸ್ಕಾರಗಳು. ನನ್ನ ಮಗಳು ಕವನಳಿಗೆ ತಿಂಗಳು ತುಂಬುವ ಮೊದಲೇ ಹುಟ್ಟಿದ ಅವಳಿ ಮಕ್ಕಳನ್ನು ನೋಡಲು ಬಂದಾಗಲೆಲ್ಲ ತಮ್ಮ ದರ್ಶನವಾಗಿದೆ. ದೊಡ್ಡ ಡಾಕ್ಟರಾಗಲಿ, ನನ್ನಂಥವನಾಗಲಿ, ತಮ್ಮ ತಲೆ ಒತ್ತದೆ ಒಳಗೆ ಹೋಗುವಂತಿಲ್ಲ. ಇಷ್ಟು ಭೇದಭಾವವಿಲ್ಲದ ಅಧಿಕಾರಿಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ತಾವು ಖಾಲಿಯಾಗಿದ್ದನ್ನೂ ಯಾರೂ ಕಂಡಿಲ್ಲವಂತೆ. ಅಟೆಂಡರ್ ಭೀಮೇಶ್ ಹೆಮ್ಮೆಯಿಂದಲೇ ಹೇಳಿದ: “ಖಾಲಿ ಆಗೋಕೆ ಎಲ್ಲಿ ಬಿಡ್ತೀನಿ ಯಜಮಾನ್ರೇ, ಅರ್ಧಕ್ಕೆ ಇಳೀತಿದ್ದಂಗೆ ಕ್ಯಾನಿಂದ ಮೇಲೆ ಸುರೀತೀನಿ.” ನನ್ನ ಹೆಂಡತಿ ಚಿನ್ನಮ್ಮನೂ ಹೀಗೆಯೇ, ನಿನ್ನೆಯ ಮೊಸರನ್ನು ತಳದಲ್ಲಿ ಉಳಿಸಿ ಮೇಲೆ ಹಾಲು ಹುಯ್ಯುತ್ತಾಳೆ, ಬೆಳಗ್ಗೆ ಪಾತ್ರೆ ತುಂಬ ಗಟ್ಟಿ ಮೊಸರು. ತಮ್ಮ ತಳದಲ್ಲಿ ಬೆಳೆದದ್ದು ಮಾತ್ರ ಮೊಸರಲ್ಲ. ನನ್ನ ಮೊಮ್ಮಗನ ರಕ್ತದಲ್ಲಿ ಸಿಕ್ಕ ರೋಗಾಣುವೇ ತಮ್ಮೊಳಗೂ ಸಿಕ್ಕಿದೆ ಎಂದು ಡಾಕ್ಟರು ತಲೆ ತಗ್ಗಿಸಿ ಹೇಳಿದರು. ಹೆಸರಿಡುವ ಮೊದಲೇ ಅವನನ್ನು ಮಣ್ಣು ಮಾಡಿ ಬಂದೆವು.

ಆಮೇಲೆ ತಮಗೆ ದೊರೆತ ಶಿಕ್ಷೆಯನ್ನು ಕಣ್ಣಾರೆ ಕಂಡೆ: ಮೈ ಒರೆಸಿ, ಹೊಸ ಲೇಬಲ್ ಅಂಟಿಸಿ, ಮತ್ತೆ ಮೇಲಿಂದ ಸುರಿದರು. ವಿಚಾರಣೆಯೂ ಇಲ್ಲ, ವರ್ಗಾವಣೆಯೂ ಇಲ್ಲ. ಇಂಥ ಸರ್ವಿಸು ಎಷ್ಟು ಜನರಿಗೆ ಸಿಕ್ಕೀತು!

ಆದ್ದರಿಂದ ವಿನಂತಿ. ಒಮ್ಮೆಯಾದರೂ ಪೂರ್ತಿ ಬರಿದಾಗುವ ಕೃಪೆ ಮಾಡಬೇಕು. ನಮ್ಮ ಕೈ ಮುಟ್ಟುವ ಮೊದಲು ತಾವೂ ಕೈ ತೊಳೆದುಕೊಳ್ಳಬೇಕು. ಕೈಗಳೇ ಇಲ್ಲವೆಂಬ ನೆಪ ಹೇಳಬಾರದು. ಅದೂ ಆಗದಿದ್ದರೆ ಸ್ವಯಂ ನಿವೃತ್ತಿ ಪಡೆದು, ಸೀಲು ಒಡೆಯದ ಹೊಸಬರಿಗೆ ಜಾಗ ಬಿಡಬೇಕು. ಹಾರ, ಶಾಲು, ಬೀಳ್ಕೊಡುಗೆ ಭಾಷಣ ಎಲ್ಲ ನನ್ನದು. ಗಾಜಿನ ಪೆಟ್ಟಿಗೆಯಲ್ಲಿ ಉಳಿದಿರುವ ಮೊಮ್ಮಗಳನ್ನು ನಾಳೆ ಕವನ ಮೊದಲ ಸಲ ಎದೆಗೆ ಹಾಕಿಕೊಳ್ಳುತ್ತಾಳೆ. ಅದಕ್ಕೆ ಮೊದಲು ಅವಳು ತಮ್ಮ ಬಳಿಗೇ ಬರಬೇಕು. ದಯವಿಟ್ಟು ಇವತ್ತೇ ತೀರ್ಮಾನಿಸಿ.

ಇಂತಿ, ತೊಳೆದ ಕೈಯನ್ನೇ ನಂಬಲಾರದ
ತಮ್ಮ ವಿಶ್ವಾಸಿ,
ಗೋವಿಂದಯ್ಯ

ಅಂಟಿಸಿದ ಮೇಲೆ ಸೇರಿಸಿದ್ದು: ಈ ಪತ್ರವನ್ನು ತಮ್ಮ ಪಕ್ಕದ ಗೋಡೆಗೆ ಅಂಟಿಸುವಾಗ ನನ್ನ ಮೊಣಕೈ ತಗುಲಿ, ತಾವು ಕೆಳಗೆ ಬಿದ್ದು ಕುತ್ತಿಗೆ ಮುರಿದುಕೊಂಡಿರಿ. “ಏನ್ ಯಜಮಾನ್ರೇ, ಕಣ್ ಕಾಣಲ್ವಾ?” ಎಂದು ಬೈಯುತ್ತಲೇ ಭೀಮೇಶ್ ಸ್ಟೋರಿನಿಂದ ಸೀಲಿರುವ ಹೊಸ ಬಾಟಲಿ ತಂದಿಟ್ಟ. ವಯಸ್ಸಾದವನು, ಕ್ಷಮಿಸಬೇಕು. ಹೊಸಬರಿಗೂ ಒಂದು ಮಾತು ತಿಳಿಸಿ ಹೋಗಿ: ಅವರು ಅರ್ಧಕ್ಕೆ ಇಳಿದ ದಿನವೂ ನಾನು ಇಲ್ಲೇ ಇರುತ್ತೇನೆ, ಮೊಣಕೈ ಸಮೇತ.