ಬೋಟಿಗೂ ಒಂದು ಆಯುಧಪೂಜೆ

ಬೋಟ್ ಇರುವ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ, ಅದೂ ಬೋಟು ನೀರಲ್ಲಿ ಇಲ್ಲದಾಗಲೇ ಜಾಸ್ತಿ. ನಮ್ಮನೆಯವರು ಇಲ್ಲೇ ವಾರೆನ್‌ನಲ್ಲಿ ಕಾರಿನ ಎಂಜಿನ್ ಡಿಸೈನ್ ಮಾಡುವವರು. ಅವರ ಕಾಲೇಜಿನ ಗೆಳೆಯರೊಬ್ಬರು ನೇಪರ್‌ವಿಲ್‌ನಲ್ಲಿದ್ದಾರೆ. ನಾನು ಅಣ್ಣ ಅಂತಲೇ ಕರೆಯುವುದು, ಅವರ ಹೆಂಡತಿಯನ್ನು ಅತ್ತಿಗೆ ಅಂತ. ಗೆಳೆಯರಿಬ್ಬರೂ ಸೇರಿ ಒಂದು ಹಳೇ ಬೋಟ್ ತಗೊಂಡರು. ಬೇಸಿಗೆಯಲ್ಲಿ ಅಣ್ಣ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಾಗ ಅದು ನಮ್ಮೂರ ಹತ್ತಿರದ ಸೇಂಟ್ ಕ್ಲೇರ್ ಸರೋವರದಲ್ಲಿ ಓಡುತ್ತದೆ. ಉಳಿದ ಕಾಲವೆಲ್ಲ ಟ್ರೇಲರ್ ಮೇಲೆ ನಮ್ಮ ಮನೆ ಮುಂದಿನ ಡ್ರೈವ್‌ವೇನಲ್ಲಿ ಕೂತಿರುತ್ತದೆ, ಅದರ ಬಾಣಂತನ ನಮ್ಮದು.

ಮೊಸರಿನ ಡಬ್ಬಿ

ಚಳಿಗಾಲ ಬರುವ ಮುಂಚೆ ಬೋಟಿನ ಎಂಜಿನ್‌ನಲ್ಲಿರುವ ನೀರೆಲ್ಲ ತೆಗೆದು, ಚಳಿಗೆ ಹೆಪ್ಪುಗಟ್ಟದ ಆಂಟಿಫ್ರೀಜ್ ದ್ರವ ತುಂಬಿಸಬೇಕು. ಇಲ್ಲದಿದ್ದರೆ ಒಳಗಿನ ನೀರು ಐಸಾಗಿ ಹಿಗ್ಗಿ ಕಬ್ಬಿಣವನ್ನೇ ಸೀಳಿಬಿಡುತ್ತದೆ. ಕಾರಿಗೆ ಹಾಕುವ ಹಸಿರು ಬಣ್ಣದ್ದು ವಿಷ, ನಾಯಿ ಬೆಕ್ಕು ನೆಕ್ಕಿದರೂ ಉಳಿಯುವುದಿಲ್ಲ. ಬೋಟಿಗೆ ಗುಲಾಬಿ ಬಣ್ಣದ್ದು ಹಾಕಬೇಕು. ಅದು ಅಷ್ಟು ಅಪಾಯವಲ್ಲ, ಆದರೂ ಚರಂಡಿಗೆ ಬಿಡಬಾರದು, ನಮ್ಮ ಬೀದಿಯ ಚರಂಡಿ ಹೋಗಿ ಸೇರುವುದು ಅದೇ ಸರೋವರಕ್ಕೆ. ಇಷ್ಟನ್ನೂ ನಮ್ಮನೆಯವರು ಈಗ ಬಂದವರಿಗೆಲ್ಲ ಕಾಫಿಗೆ ಮೊದಲೇ ಹೇಳುತ್ತಾರೆ.

ಮೊದಲ ವರ್ಷ ಈ ಬುದ್ಧಿವಂತರಿಬ್ಬರೂ ಹಸಿರನ್ನೇ ತಂದು ತುಂಬಿಸಿದ್ದರು. ತಪ್ಪು ಗೊತ್ತಾಗಿ ಪೂರ್ತಿ ಹೊರಗೆ ತೆಗೆದರು. ತೆಗೆದದ್ದನ್ನು ತುಂಬಿಸಿಟ್ಟಿದ್ದೆಲ್ಲಿ ಅಂದರೆ, ನಾನು ತೊಳೆದು ಜೋಪಾನ ಮಾಡಿಟ್ಟಿದ್ದ ಮೊಸರಿನ ಡಬ್ಬಿಗಳಲ್ಲಿ. ನಮ್ಮ ಮನೆಯ ಮೊಸರಿನ ಡಬ್ಬಿಯಲ್ಲಿ ಸಾರು, ಹುಳಿ, ಚಟ್ನಿಪುಡಿ ಎಲ್ಲ ಇರುತ್ತದೆ, ಮೊಸರೊಂದು ಬಿಟ್ಟು. ನೋಡಿದವಳೇ ಇವತ್ತೇ ಸಾಗಿಸಿ ಅಂತ ಕೂಗಾಡಿದೆ. ಅವರು ಒಂದೊಂದು ಡಬ್ಬಿಯ ಮೇಲೂ ದಪ್ಪಕ್ಷರದಲ್ಲಿ, ಕನ್ನಡದಲ್ಲೇ, 'ವಿಷ' ಅಂತ ಬರೆದು, ಕೌಂಟಿಯವರು ಕೆಮಿಕಲ್ ಕಸ ತಗೊಳ್ಳುವ ಕಡೆ ಹೋಗಿ ಸಾಲಿನಲ್ಲಿ ನಿಂತರು. ಅಲ್ಲಿದ್ದವನು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದನಂತೆ. ಆಮೇಲೆ, ಮೊಸರು ಕೆಟ್ಟಿದ್ದರೆ ಮನೆಯ ಕಸಕ್ಕೇ ಹಾಕಬಹುದು ಸಾರ್ ಅಂದನಂತೆ.

ಬಿಸಿಬೇಳೆಬಾತಿನ ಪಾತ್ರೆ

ಮರುವರ್ಷ ಗುಲಾಬಿ ಬಣ್ಣದ್ದೇ ತಂದರು, ಸರಿ. ಎಂಜಿನ್ ಓಡಿಸುತ್ತಾ ಅದನ್ನು ಒಳಗೆ ಬಿಡಬೇಕು, ಹಿಂದಿನಿಂದ ಗುಲಾಬಿ ನೀರು ಬಂದರೆ ಒಳಗೆಲ್ಲ ತುಂಬಿತು ಅಂತ ಅರ್ಥ. ಆ ಬರುವ ನೀರನ್ನು ಹಿಡಿಯಲು ದೊಡ್ಡ ಪಾತ್ರೆ ಬೇಕಲ್ಲ. ಕನ್ನಡ ಸಂಘಕ್ಕೆ ಬಿಸಿಬೇಳೆಬಾತ್ ಮಾಡಿಕೊಂಡು ಹೋಗುತ್ತಿದ್ದ ನನ್ನ ಪಾತ್ರೆ ಅವರ ಕಣ್ಣಿಗೆ ಬಿತ್ತು. ಅದು ಮತ್ತೆ ಅಡುಗೆಮನೆಗೆ ಬರಲಿಲ್ಲ, ನಾನು ಬರಗೊಡಲೂ ಇಲ್ಲ. ರಾಜ್ಯೋತ್ಸವಕ್ಕೆ ಸಣ್ಣ ಡಬ್ಬಿಯಲ್ಲಿ ಕೋಸಂಬರಿ ತಗೊಂಡು ಹೋದೆ. ನಿಮ್ಮ ಪಾತ್ರೆ ಎಲ್ಲಿ ಅಂತ ಎಲ್ಲರೂ ಕೇಳಿದರು. ಬೋಟಿಗೆ ಧಾರೆ ಎರೆದು ಕೊಟ್ಟುಬಿಟ್ಟೆವು ಅಂದೆ.

ಅಧಿಕ ಮಾಸ

ಇಲ್ಲಿಂದ ಮುಂದಿನದನ್ನು ನಗುತ್ತಾ ಹೇಳುವುದು ಕಷ್ಟ.

ಅಣ್ಣನಿಗೆ ಡಲ್ಲಾಸ್‌ನಲ್ಲಿ ಬೇರೆ ಕೆಲಸ ಸಿಕ್ಕಿತು. ಮುಂದಿನ ಆಗಸ್ಟ್‌ನಲ್ಲಿ ಹೊರಡುವುದು ಅಂತ ಆಯಿತು. ಹೋಗುವ ಮುಂಚೆ ಜುಲೈನಲ್ಲಿ ಎಲ್ಲರೂ ಸೇರಿ ಕೊನೇ ಸಲ ಸರೋವರಕ್ಕೆ ಹೋಗಬೇಕು ಅಂತ ಗೆಳೆಯರಿಬ್ಬರೂ ಮಾತಾಡಿಕೊಂಡರು. ಇಬ್ಬರ ಬಾಯಲ್ಲೂ ಅದೇ ಮಾತು. ಅದಕ್ಕೇ ನಮ್ಮನೆಯವರು ಆ ಸಲ ಚಳಿ ಶುರುವಾಗುತ್ತಲೇ ಆಂಟಿಫ್ರೀಜ್ ತುಂಬಿಸಿ, ಟಾರ್ಪಾಲು ಹೊದಿಸಿ, ಮಗುವಿಗೆ ತಟ್ಟಿದ ಹಾಗೆ ತಟ್ಟಿ ಮಲಗಿಸಿದ್ದರು.

ಬೇರೆ ವರ್ಷಗಳಲ್ಲಿ ಮೊದಲು ಆಯುಧಪೂಜೆ, ಆಮೇಲೆ ಬೋಟಿಗೆ ನಿದ್ದೆ. ಆ ವರ್ಷ ಅಧಿಕ ಮಾಸ ಬಂದು ನವರಾತ್ರಿ ತಡವಾಯಿತು. ಪೂಜೆಯ ಹೊತ್ತಿಗೆ ಬೋಟು ಮಲಗಿಯಾಗಿತ್ತು. ಹಾಗಂತ ಬಿಡೋಕಾಗುತ್ತಾ? ಕಾರುಗಳಿಗೆ, ಹಿಮ ತೆಗೆಯುವ ಮೆಷಿನ್ನಿಗೆ ಪೂಜೆಯಾದ ಮೇಲೆ ಟಾರ್ಪಾಲು ಸರಿಸಿ ಬೋಟಿಗೂ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಟ್ರೇಲರ್ ಗಾಲಿಗೆ ನಿಂಬೆಹಣ್ಣು ಇಟ್ಟೆವು. ಅಣ್ಣ ವಿಡಿಯೋ ಕಾಲ್‌ನಲ್ಲಿದ್ದರು, ನಮ್ಮ ಮಗಳು ತನ್ನ ಫೋನಿನಲ್ಲಿ ಎಲ್ಲ ರೆಕಾರ್ಡ್ ಮಾಡುತ್ತಿದ್ದಳು. ಮಂಗಳಾರತಿ ಆಯಿತು. ಪೂಜೆ ಮಾಡಿದ ಗಾಡಿಯನ್ನು ಸ್ಟಾರ್ಟ್ ಮಾಡದೆ ಬಿಡಬಾರದು ಅಂತ ಇವರು, ಒಂದ್ಸಲ ಸೌಂಡ್ ಕೇಳಿಸೋ ಅಂತ ಆ ಕಡೆಯಿಂದ ಅಣ್ಣ.

ನೀರಿಲ್ಲದೆ ಓಡಿಸಿದರೆ ಪಂಪು ಸುಟ್ಟುಹೋಗುತ್ತದೆ ಅಂತ ಜಾಣತನದಿಂದ ತೋಟದ ಪೈಪ್ ಸಿಕ್ಕಿಸಿ ನೀರು ಬಿಟ್ಟು ಸ್ಟಾರ್ಟ್ ಮಾಡಿದರು. ನನ್ನ ಪಾತ್ರೆಯನ್ನೂ ಹಿಂದೆ ಇಟ್ಟರು. ಗುಲಾಬಿ ನೀರು ಬಂತು, ಬಂತು, ಕೊನೆಗೆ ತಿಳಿನೀರು ಬಂತು. ಒಂದು ಹನಿ ಚರಂಡಿಗೆ ಹೋಗಲಿಲ್ಲ. ಒಂದು ಹನಿ ಎಂಜಿನ್‌ನಲ್ಲೂ ಉಳಿಯಲಿಲ್ಲ, ಒಳಗೆಲ್ಲ ಬರೀ ನಲ್ಲಿ ನೀರು.

ನಾಳೆ ಹೊಸದಾಗಿ ತುಂಬಿಸ್ತೀನಿ ಅಂದರು. ನಾಳೆ ವಿಜಯದಶಮಿ, ಮನೆ ತುಂಬ ಜನ. ಆಮೇಲೆ ಅವರಿಗೆ ಆಫೀಸಿನ ಕೆಲಸ, ಶನಿವಾರ ನೋಡೋಣ ಅಂದರು. ಶನಿವಾರ ಅಂಗಡಿಯಲ್ಲಿ ಗುಲಾಬಿಯದು ಖಾಲಿಯಾಗಿತ್ತು. ಅಷ್ಟರಲ್ಲಿ ಹಿಮ ಬಿದ್ದು ಎಲ್ಲರಿಗೂ ಮರೆತೇಹೋಯಿತು.

ಏಪ್ರಿಲ್‌ನಲ್ಲಿ ಎಂಜಿನ್ ಮುಚ್ಚಳ ತೆಗೆದರೆ ಪಕ್ಕದಲ್ಲಿ ಉದ್ದಕ್ಕೂ ಬಿರುಕು. ರಿಪೇರಿ ಆಗುವಂಥದ್ದಲ್ಲ, ಬೇರೆ ಎಂಜಿನ್ ಹಾಕಿಸಿದರೂ ಆ ಬೇಸಿಗೆಗೆ ಸಿಗುವುದಿಲ್ಲ ಅಂದರು ಅಂಗಡಿಯವರು. ಇವರು ಊಟ ಬಿಟ್ಟು ಗರಾಜಿನಲ್ಲಿ ಕೂತರು. ನಾನು ಇನ್ನೊಂದು ಸಲ ಗಟ್ಟಿಯಾಗಿ ಹೇಳಬಾರದಿತ್ತಾ ಅಂತ ನನ್ನನ್ನು ನಾನೇ ಬೈದುಕೊಂಡೆ. ಸಂಜೆ ಅಣ್ಣನಿಗೆ ಫೋನ್ ಮಾಡಿದರು. ಎಂಜಿನ್ ಒಡೆದಿದೆ ಅಂದರು. ಆ ಕಡೆಯಿಂದ ಹೇಗೆ ಒಡೀತೋ ಅಂತ ಕೇಳಿರಬೇಕು.

ಮೂವತ್ತು ವರ್ಷ ಎಂಜಿನ್ ಮಾಡಿದ ನನ್ನ ಗಂಡ ಹೇಳಿದರು: "ಈ ಸಲ ಅಧಿಕ ಮಾಸ ಬಂತಲ್ಲೋ, ಅದಕ್ಕೆ."

ಕೊನೇ ಸವಾರಿ

ಬೋಟಿಲ್ಲ, ಇನ್ನು ಅವರು ಬರುವುದಿಲ್ಲ ಅಂದುಕೊಂಡಿದ್ದೆ. ಜುಲೈನಲ್ಲಿ ಅಣ್ಣ, ಅತ್ತಿಗೆ ಹೇಳದೆ ಕೇಳದೆ ಬಂದಿಳಿದರು. ಕೈಕಾಲು ತೊಳೆದು ಬಂದ ಅಣ್ಣ ಸೀದಾ ಏಣಿ ಹಾಕಿಕೊಂಡು ಡ್ರೈವ್‌ವೇನಲ್ಲಿದ್ದ ಬೋಟ್ ಹತ್ತಿ ಕೂತರು. ಇವರೂ ಹತ್ತಿದರು. ಲೈಫ್ ಜಾಕೆಟ್ ಹಾಕದೆ ಯಾರೂ ಹತ್ತಬಾರದು ಅಂತ ನಮಗೆಲ್ಲ ಕೊಟ್ಟರು. ನಾನು ಚುರುಮುರಿ, ಫ್ಲಾಸ್ಕಿನಲ್ಲಿ ಟೀ ತಗೊಂಡು ಹತ್ತಿದೆ. ನಾಯಿ ಜೊತೆ ವಾಕಿಂಗ್ ಬಂದ ಪಕ್ಕದ ಮನೆಯವರು ನಿಂತು ನೋಡಿ, ಹ್ಯಾವ್ ಎ ಸೇಫ್ ಟ್ರಿಪ್ ಅಂದು ಹೋದರು.

ಅತ್ತಿಗೆಗೆ ಸರೋವರದಲ್ಲಿ ಯಾವಾಗಲೂ ವಾಂತಿ. ಪ್ರತಿ ಸಲ ನಿಂಬೆಹಣ್ಣು ಮೂಸುತ್ತಾ ಮಲಗಿಯೇ ಹೋಗಿ ಮಲಗಿಯೇ ಬರುತ್ತಿದ್ದರು. ಈ ಸಲ ನೆಟ್ಟಗೆ ಕೂತು ಎರಡು ತಟ್ಟೆ ಚುರುಮುರಿ ತಿಂದರು. ಬೋಟಿಂಗ್ ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತೇ ಇರಲಿಲ್ಲ ಅಂದರು.

ಹೊರಡುವ ಹೊತ್ತಾಯಿತು. ಅಣ್ಣ ಸ್ಟೀರಿಂಗ್ ಬಿಟ್ಟು ಏಳಲಿಲ್ಲ. ಸೌಂಡ್ ಒಂದ್ಸಲ ಕೇಳಿದ್ದಿದ್ದರೆ ಆಗಿತ್ತು ಅಂದರು, ಯಾರ ಮುಖವನ್ನೂ ನೋಡದೆ. ಮಗಳು ಸುಮ್ಮನೆ ಫೋನ್ ತೆಗೆದು ಆಯುಧಪೂಜೆಯ ವಿಡಿಯೋ ಹಾಕಿದಳು. ಗಂಟೆ ಮೊಳಗಿತು, ಎಂಜಿನ್ ಗುಡುಗುಡು ಅಂದಿತು. ಇಬ್ಬರೂ ಕಣ್ಣು ಮುಚ್ಚಿಕೊಂಡರು. ಆಗ ಫೋನಿನೊಳಗಿಂದ ನನ್ನ ದನಿ:

"ರೀ, ಗುಲಾಬಿ ನೀರೆಲ್ಲ ಹೋಗ್ತಿದೆಯಲ್ಲ?"

"ಸುಮ್ನಿರೇ, ಎಂಜಿನ್ ಮಾಡೋನು ನಾನು."

ಎಲ್ಲರೂ ನಮ್ಮನೆಯವರನ್ನೇ ನೋಡಿದೆವು. ಅವರು ಲೈಫ್ ಜಾಕೆಟ್‌ನ ಬಕಲ್ ನೋಡುತ್ತಾ ಕೂತರು. ನಾನು ಬೈಯಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಅದೇ ವಿಡಿಯೋದಲ್ಲಿ ಅಣ್ಣನ ದನಿ ಕೇಳಿಸಿತು:

"ಆಫ್ ಮಾಡ್ಬೇಡ್ವೋ, ಇನ್ನೊಂದ್ ಸ್ವಲ್ಪ ಹೊತ್ತು ಇರ್ಲಿ."

ವಿಡಿಯೋ ಮುಗಿಯಿತು. ಅಣ್ಣ ಕಣ್ಣು ಒರೆಸಿಕೊಂಡು, "ಮತ್ತೊಂದ್ಸಲ ಹಾಕಮ್ಮ" ಅಂದರು.

ಮಗಳು ಹಾಕಿದಳು. ಎಂಜಿನ್ ಮತ್ತೆ ಗುಡುಗುಡು ಅಂದಿತು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು, ಒಂದು ನಿಂಬೆಹಣ್ಣು ಇದ್ರೆ ಕೊಡೇ ಅಂದರು.