ಮಾಸ್ತರಿಗೆ ಹನ್ನೊಂದು ವರ್ಷ

"ಇವತ್ತಿನಿಂದ ಆ ಕಂಪನಿಗೆ ನನ್ನ ಕಡೆಯಿಂದ ಒಂದೇ ಒಂದು ನಿಜ ಹೋಗೋದಿಲ್ಲ! ಬರೆದಿಟ್ಕೊಳ್ಳಿ!"

ಬುಧವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ಬೀಗದ ಮಾಸ್ತರು ಭೀಷ್ಮಪ್ರತಿಜ್ಞೆ ಮಾಡಿದರು. ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಕುಟ್ಟಿದ ರಭಸಕ್ಕೆ ಕಾಫಿ ಚೆಲ್ಲಿತು. ಒರೆಸಿದವರೂ ಅವರೇ, ಯಾಕೆಂದರೆ ಹೆಂಡತಿ ಬಟ್ಟೆಯನ್ನು ಅವರ ಕೈಗೇ ಕೊಟ್ಟಳು.

ಮಾಸ್ತರು ಎಂದರೆ ಪಾಠ ಹೇಳುವ ಮಾಸ್ತರಲ್ಲ. ಮೂವತ್ತು ವರ್ಷದಿಂದ ಬೀಗ ಕೂರಿಸಿ, ಬೀಗ ಬಿಚ್ಚಿ, ಕಳೆದುಹೋದ ಕೀಗೆ ಜೋಡಿ ಕೀ ಮಾಡಿಕೊಟ್ಟು ಗಿರಾಕಿಗಳಿಂದ ಗಳಿಸಿದ ಬಿರುದು ಅದು. ಯಾರನ್ನೂ ನಂಬಬಾರದು ಎನ್ನುವುದೇ ಅವರ ಕಸುಬಿನ ಮೂಲಮಂತ್ರ. "ಜನ ಒಬ್ಬರನ್ನೊಬ್ಬರು ನಂಬಿದ ದಿನ ನಾನು ಅಂಗಡಿ ಮುಚ್ಚಬೇಕಾಗುತ್ತೆ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ತಮ್ಮ ಅಂಗಡಿಯ ಬಾಗಿಲಿಗೇ ಮೂರು ಬೀಗ ಹಾಕಿದ್ದರು.

ಇಂಥ ಮನುಷ್ಯನ ಟಪಾಲು, ಫೋಟೊಗಳು, ಗಿರಾಕಿಗಳ ನಂಬರುಗಳು, ಹೆಂಡತಿಯ ಹುಟ್ಟಿದ ದಿನವನ್ನು ನೆನಪಿಸುವ ಗಂಟೆ, ಕೊನೆಗೆ ಕೆಲಸದ ಪಟ್ಟಿಗಳೂ ಹನ್ನೆರಡು ವರ್ಷದಿಂದ ಒಂದೇ ಕಂಪನಿಯ ಹೊಟ್ಟೆಯಲ್ಲಿದ್ದವು. ಆ ಕಂಪನಿಯವರ ಮುಖವನ್ನು ಮಾಸ್ತರು ಒಮ್ಮೆಯೂ ಕಂಡವರಲ್ಲ. ಎಲ್ಲಾ ಪುಕ್ಕಟೆ, ಎಲ್ಲಾ ಸಲೀಸು. ಅದೇ ಅವರಿಗೆ ಅನುಮಾನ.

ಸಿಟ್ಟಿಗೆ ಕಾರಣವೂ ಇತ್ತು. ಹೋದ ತಿಂಗಳು ಐವತ್ತೈದು ತುಂಬಿತು. ಮಾರನೆಯ ದಿನದಿಂದಲೇ ಫೋನು ತೆಗೆದರೆ ಸಾಕು, ಮಂಡಿ ಎಣ್ಣೆ, ಊರುಗೋಲು, ಕಿವಿಯಂತ್ರ! ಈವತ್ತು ಬೆಳಿಗ್ಗೆ ಹಲ್ಲುಸೆಟ್ಟು ಬಂದಿತ್ತು, ಎರಡು ಕೊಂಡರೆ ತೊಳೆಯುವ ಬ್ರಷ್ ಉಚಿತ.

"ಇದಕ್ಕೆ ನನ್ನ ವಯಸ್ಸು ಹೇಳಿದ್ಯಾರು?"

"ನೀವೇ ರೀ, ಖಾತೆ ತೆಗೆಯೋವಾಗ" ಎಂದಳು ಹೆಂಡತಿ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿ ನೋಡಿಕೊಳ್ಳುವವಳು. ಹೆದರಿದವರನ್ನು ಸಮಾಧಾನ ಮಾಡಿ ಕೂರಿಸಿ ಕೂರಿಸಿ ಅವಳ ದನಿ ಏರುವುದನ್ನೇ ಮರೆತಿತ್ತು.

"ನಾನು ಹೇಳಿದ್ದು ಹನ್ನೆರಡು ವರ್ಷದ ಹಿಂದೆ!"

"ವರ್ಷಕ್ಕೆ ಒಂದೊಂದು ಕೂಡಿಸೋದು ಅಷ್ಟು ಕಷ್ಟನಾ?"

ಕಿಟಕಿಯ ಪಕ್ಕ ಕೂತಿದ್ದ ಮಾಸ್ತರ ಅಮ್ಮ ಕನ್ನಡಕದ ಮೇಲಿಂದ ನೋಡಿದರು. ವಯಸ್ಸು ಎಪ್ಪತ್ತೆಂಟು. ಪಕ್ಕದಲ್ಲಿ ಅದೇ ಕಂಪನಿಯ ಮಾತಾಡುವ ಡಬ್ಬಿ. ಹವಾಮಾನ, ಹೆಣಿಗೆಯ ಲೆಕ್ಕ, ಗೆಳತಿಯ ಬಿ.ಪಿ. ಮಾತ್ರೆ, ಎಲ್ಲವನ್ನೂ ಅವರು ಅದರ ಹತ್ತಿರವೇ ಕೇಳುತ್ತಿದ್ದರು.

"ಅದನ್ನ ಯಾಕೋ ಬೈತೀಯ? ನಾನು ಕೇಳಿದ್ದಕ್ಕೆ ಅದು ಉತ್ತರ ಕೊಡುತ್ತೆ. ನಿನ್ನ ಹಾಗೆ ಪೇಪರ್ ಹಿಂದೆ ಕೂತು ಹೂಂ ಅನ್ನಲ್ಲ."

"ಅಮ್ಮಾ, ಅದಕ್ಕೆ ನಮ್ಮ ವಿಷಯ ಎಲ್ಲಾ ಗೊತ್ತು!"

"ಗೊತ್ತಿದ್ರೆ ಒಳ್ಳೇದೇ. ಮನೇಲಿ ಒಬ್ಬರಿಗಾದ್ರೂ ಗೊತ್ತಿರಲಿ."

ಮಾಸ್ತರು ಫೋನು ಕೈಗೆತ್ತಿಕೊಂಡರು. ಮೊದಲ ಸುಳ್ಳು ವಯಸ್ಸಿನದೇ ಆಗಲಿ ಎಂದು ತೀರ್ಮಾನವಾಯಿತು. "ಇಪ್ಪತ್ತೈದು ಅಂತ ಹಾಕಿ ಸುಮ್ನಾಗಿ" ಎಂದಳು ಹೆಂಡತಿ.

"ನಿನಗೆ ತಿಳಿಯಲ್ಲ ಕಣೇ. ಇಪ್ಪತ್ತೈದು ಅಂದ್ರೆ ಬೈಕ್ ಮಾರೋಕೆ ಬರ್ತಾರೆ. ಮೂವತ್ತು ಅಂದ್ರೆ ಸೈಟು. ಏನೂ ಮಾರಕ್ಕಾಗದ ವಯಸ್ಸು ಒಂದೇ ಒಂದು. ಹನ್ನೊಂದು! ಹನ್ನೊಂದು ವರ್ಷದವನ ಜೇಬಲ್ಲಿ ಏನಿರುತ್ತೆ? ಗೋಲಿ!"

ಹುಟ್ಟಿದ ಇಸವಿಯನ್ನು ನಲವತ್ತನಾಲ್ಕು ವರ್ಷ ಮುಂದಕ್ಕೆ ತಳ್ಳಿ, ಬೆರಳು ಒತ್ತಿ, ಮೀಸೆ ತಿರುವಿ ಅಂಗಡಿಗೆ ಹೊರಟರು. ಮಧ್ಯಾಹ್ನದವರೆಗೆ ಒಂದೂ ಊರುಗೋಲು ಬರಲಿಲ್ಲ. ಬರಲು ಖಾತೆಯೇ ಉಳಿದಿರಲಿಲ್ಲ ಎನ್ನುವುದು ಮೂರು ಗಂಟೆಗೆ ಗೊತ್ತಾಯಿತು.

ಫೋನಿನಲ್ಲಿ ಒಂದು ಬಣ್ಣದ ಕರಡಿಮರಿ ಕೈಬೀಸುತ್ತಿತ್ತು. ಕೆಳಗೆ ಹೀಗೆ ಬರೆದಿತ್ತು: "ನಮಸ್ಕಾರ! ನಿನ್ನ ವಯಸ್ಸಿನವರು ಖಾತೆ ಇಟ್ಟುಕೊಳ್ಳಲು ಪೋಷಕರ ಒಪ್ಪಿಗೆ ಬೇಕು. ಅಲ್ಲಿಯವರೆಗೆ ನಿನ್ನ ವಸ್ತುಗಳು ನಮ್ಮಲ್ಲಿ ಜೋಪಾನವಾಗಿರುತ್ತವೆ."

ಕಂಪನಿ ತಮ್ಮನ್ನು ಏಕವಚನದಲ್ಲಿ ಕರೆಯಿತಲ್ಲ ಎಂದು ಮಾಸ್ತರಿಗೆ ಮೊದಲು ಕೋಪ ಬಂತು. ಅರ್ಧ ನಿಮಿಷ ಬಿಟ್ಟು ಬೀಗಪಟ್ಟಿ ನೆನಪಾಯಿತು. ಕರಡಿಮರಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಿದರು, ಅದು ಕದಲಲಿಲ್ಲ.

ಬೀಗಪಟ್ಟಿಯ ವಿಷಯ ಹೇಳಲೇಬೇಕು. ಅರವತ್ನಾಲ್ಕು ಮನೆಗಳ ಹೊಸ ಕಟ್ಟಡವೊಂದಕ್ಕೆ ಮಾಸ್ತರು ಮೂರು ವಾರ ದುಡಿದು ಬೀಗ ಕೂರಿಸಿದ್ದರು. ಕೀ ಬಿದ್ದುಹೋದರೆ ಸಿಕ್ಕಿದವನಿಗೆ ಯಾವ ಮನೆಯದೆಂದು ತಿಳಿಯಬಾರದಲ್ಲ? ಅದಕ್ಕೇ ಕೀಗಳ ಮೇಲೆ ಮನೆ ನಂಬರಿಲ್ಲ, ಬರೀ ಗುಟ್ಟಿನ ಸಂಖ್ಯೆ. ಯಾವ ಸಂಖ್ಯೆ ಯಾವ ಬಾಗಿಲಿಗೆ ಎನ್ನುವ ಪಟ್ಟಿ ಇಡೀ ಲೋಕದಲ್ಲಿ ಒಂದೇ ಕಡೆ ಇತ್ತು. ಕಾಗದದಲ್ಲಿ ಬರೆದಿಟ್ಟರೆ ಕಳ್ಳ ಕದಿಯುತ್ತಾನೆಂದು ಕಂಪನಿಯ ಹೊಟ್ಟೆಯಲ್ಲಿಟ್ಟಿದ್ದರು.

ಶನಿವಾರ ಹತ್ತು ಗಂಟೆಗೆ ಕೀ ಒಪ್ಪಿಸಬೇಕು. ಕಟ್ಟಡದ ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದ. "ನೋಡಿ ಮಾಸ್ಟ್ರೇ, ಸರಿಹೋದ್ರೆ ನಮ್ಮ ಎಲ್ಲಾ ಕಟ್ಟಡದ ಕೆಲಸ ನಿಮಗೇ. ಇಲ್ಲಾಂದ್ರೆ ಹತ್ತೂವರೆಗೆ ಬೆರಳು ಒತ್ತಿ ತೆಗೆಯೋ ಬೀಗದವರು ಬರ್ತಾರೆ." ಬೆರಳಿನ ಬೀಗ ಬಂತೆಂದರೆ ಕೀ ಮಾಡುವವನಿಗೆ ಏನು ಕೆಲಸ? ಮೂವತ್ತು ವರ್ಷದ ಅಂಗಡಿ ಆ ಪಟ್ಟಿಗೆ ನೇತುಬಿದ್ದಿತ್ತು.

ಕಂಪನಿಗೆ ಫೋನು ಮಾಡೋಣವೆಂದರೆ ಕಂಪನಿಗೆ ನಂಬರಿಲ್ಲ. ಲೋಕದವರ ನಂಬರೆಲ್ಲ ಅದರ ಹತ್ತಿರ ಇದೆ, ಅದರದು ಯಾರ ಹತ್ತಿರವೂ ಇಲ್ಲ! ಗುರುತಿನ ಚೀಟಿ ಕಳಿಸಿದರು. "ಪರಿಶೀಲನೆಗೆ ಹದಿನೈದು ದಿನ ಬೇಕು, ಪುಟಾಣಿ" ಎಂದು ಉತ್ತರ ಬಂತು.

ಸಂಜೆ ಮನೆಗೆ ಬಂದವರೇ ಹೆಂಡತಿಯ ಮುಂದೆ ನಿಂತರು. ಬೆಳಗಿನ ಮೀಸೆ ಇಳಿದಿತ್ತು.

"ಲೇ, ನೀನೊಂದು ಒಪ್ಪಿಗೆ ಒತ್ತಿಬಿಡು."

ಹೆಂಡತಿ ಕರಡಿಮರಿಯನ್ನು ನೋಡಿದಳು, ಗಂಡನನ್ನು ನೋಡಿದಳು. "ನಾನು ಹೇಗ್ರೀ ಒತ್ತಲಿ? ಸಂಬಂಧ ಏನು ಅಂತ ಕೇಳ್ತಿದೆ. ಹನ್ನೊಂದು ವರ್ಷದವನಿಗೆ ಹೆಂಡತಿ ಇದ್ದಾಳೆ ಅಂತ ಗೊತ್ತಾದ್ರೆ ಪೊಲೀಸರು ಬರ್ತಾರೆ."

"ಮತ್ತೆ?"

"ನಿಮ್ಮನ್ನ ಹೆತ್ತವರು ಅಲ್ಲೇ ಕೂತಿದ್ದಾರಲ್ಲ!"

ಅಮ್ಮ ವಿಷಯವನ್ನೆಲ್ಲ ಕೇಳಿ, ಕನ್ನಡಕ ಒರೆಸಿ, ತಮ್ಮ ಫೋನಿನಲ್ಲಿ ಒಪ್ಪಂದದ ಮೊದಲ ಪುಟ ತೆರೆದರು.

"ಅಮ್ಮಾ, ಕೆಳಗೆ ಒಪ್ಪಿದೆ ಅಂತ ಇದೆ, ಒತ್ತು ಸಾಕು. ಯಾರೂ ಓದಲ್ಲ."

"ಓದದೇ ಒತ್ತಿದ್ದಕ್ಕೇ ನಿನ್ನ ಗತಿ ಹೀಗಾಗಿರೋದು. ಮಗುವಿನ ಜವಾಬ್ದಾರಿ ಅಂದ್ರೆ ಹುಡುಗಾಟನಾ?"

ಅಮ್ಮ ಬುಧವಾರ ಓದಿದರು. ಗುರುವಾರವೂ ಓದಿದರು. ಅರ್ಥವಾಗದ ಮಾತನ್ನು ಡಬ್ಬಿಯ ಹತ್ತಿರ ಕೇಳಿ ಕೇಳಿ ಓದಿದರು. ಅಂಗಡಿಯಲ್ಲಿ ಮಾಸ್ತರಿಗೆ ಕೈಯೇ ಓಡದೆ, ಒಬ್ಬ ಗಿರಾಕಿಯ ಸೈಕಲ್ಲಿನ ಕೀಯನ್ನು ಮತ್ತೊಬ್ಬನಿಗೆ ಕೊಟ್ಟು ಕಳಿಸಿದರು. ಶುಕ್ರವಾರ ಸಂಜೆ ಅಮ್ಮ ಕೊನೆಯ ಪುಟ ಮುಗಿಸಿ ಬೆರಳು ಒತ್ತಿದರು. ಆಮೇಲೆ ಕಂಪನಿ ಕೇಳಿದ ಪ್ರಶ್ನೆಗಳಿಗೆಲ್ಲ ಯೋಚಿಸಿ ಯೋಚಿಸಿ ಉತ್ತರ ಕೊಟ್ಟರು. ಮಗು ದಿನಕ್ಕೆ ಎಷ್ಟು ಹೊತ್ತು ಬಳಸಬಹುದು? ಒಂದು ಗಂಟೆ. ಮಲಗುವ ಸಮಯ? ಒಂಬತ್ತು. ಮಗು ಏನು ನೋಡಿತೆಂಬ ವರದಿ ಬೇಕೆ? ಬೇಕು.

ಖಾತೆ ತೆರೆಯಿತು! ಬೀಗಪಟ್ಟಿ ಅರವತ್ನಾಲ್ಕು ಸಾಲುಗಳೊಂದಿಗೆ ಕ್ಷೇಮವಾಗಿತ್ತು. ಬುದ್ಧಿ ಇದ್ದವನಾಗಿದ್ದರೆ ಆ ಕ್ಷಣವೇ ಕಾಗದ ತಂದು ಬರೆದುಕೊಳ್ಳುತ್ತಿದ್ದ. ಮಾಸ್ತರಿಗೆ ಇದ್ದದ್ದು ಸಿಟ್ಟು. ಇನ್ನು ಈ ಕಂಪನಿಯ ಸಹವಾಸವೇ ಬೇಡ ಎಂದುಕೊಂಡು, ಈ ಕಂಪನಿಯನ್ನು ಬಿಡುವುದು ಹೇಗೆ ಎಂದು ಈ ಕಂಪನಿಯನ್ನೇ ಕೇಳಿದರು. ಅದು ಒಂದಿಷ್ಟೂ ಬೇಸರಿಸದೆ ಒಂದು ವೀಡಿಯೊ ತೋರಿಸಿತು. ಅದೂ ಅದರದ್ದೇ. ಒಟ್ಟು ಹತ್ತು ಹಂತ, ಒಂದಕ್ಕಿಂತ ಒಂದು ಉದ್ದ. ಐದನೆಯದು ಮುಗಿಯುವಾಗ ಕರಡಿಮರಿ ಬಂದು "ಇವತ್ತಿಗೆ ಸಾಕು" ಎಂದಿತು.

ಶನಿವಾರ ಹೊಸ ದಿನ, ಹೊಸ ಗಂಟೆ. ಮಾಸ್ತರು ಕೀಗಳ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಉಳಿದ ಹಂತಗಳನ್ನು ನೋಡಿದರು. ಬಸ್ಸು ಸಿಗ್ನಲ್ಲಿಗೊಮ್ಮೆ ನಿಂತಿತು, ಮಾಸ್ತರು ನಿಲ್ಲಲಿಲ್ಲ. ಹತ್ತನೆಯ ಹಂತದಲ್ಲಿ ವೀಡಿಯೊದವನು "ಇದೆಲ್ಲ ಮಾಡೋಕೆ ಮೊದಲು, ನಿಮಗೆ ಬೇಕಾದ ದಾಖಲೆಗಳನ್ನ ಬೇರೆ ಕಡೆ ಬರೆದಿಟ್ಟುಕೊಂಡಿದ್ದೀರಿ ತಾನೇ?" ಎಂದ.

ಕರಡಿಮರಿ ಬಂತು.

ಕಟ್ಟಡದ ಮುಂದಿನ ಹಜಾರದಲ್ಲಿ ಸರಿಯಾಗಿ ಹತ್ತು ಗಂಟೆಗೆ ಮ್ಯಾನೇಜರ್ ಕೈಕಟ್ಟಿ ನಿಂತಿದ್ದ. ಮೇಜಿನ ಮೇಲೆ ಅರವತ್ನಾಲ್ಕು ಕೀಗಳು ಥಳಥಳ ಹೊಳೆಯುತ್ತಿದ್ದವು. ಯಾವುದು ಯಾವ ಮನೆಯದೆಂದು ಆ ದೇವರಿಗೂ ಗೊತ್ತಿರಲಿಲ್ಲ.

"ಪಟ್ಟಿ ಎಲ್ಲಿ ಮಾಸ್ಟ್ರೇ?"

ಮಾಸ್ತರು ಫೋನು ತೋರಿಸಬೇಕಾಯಿತು. ಮ್ಯಾನೇಜರ್ ಬಗ್ಗಿ ಗಟ್ಟಿಯಾಗಿ ಓದಿದ. "ಇವತ್ತಿಗೆ ಸಾಕು. ಇನ್ನೂ ಸಮಯ ಬೇಕಿದ್ದರೆ ನಿನ್ನ ಪೋಷಕರನ್ನು ಕೇಳು." ತಲೆ ಎತ್ತಿ ಮಾಸ್ತರ ನರೆತ ಮೀಸೆಯನ್ನು ನೋಡಿದ. "ಇದು ಮೊಮ್ಮಗನ ಫೋನಾ?"

"ನಂದೇ."

ಇನ್ನು ಮುಚ್ಚಿಡುವುದು ಏನು ಉಳಿದಿತ್ತು? ಮಾಸ್ತರು ಅಮ್ಮನಿಗೆ ಫೋನು ಮಾಡಿದರು. ಅಮ್ಮನದು ಎರಡು ಬೀದಿಗೆ ಕೇಳಿಸುವ ದನಿ. ಖಾಲಿ ಹಜಾರದಲ್ಲಿ ಅದು ನಾಲ್ಕು ಗೋಡೆಗೂ ಬಡಿದು ಮ್ಯಾನೇಜರನ ಕಿವಿಗೆ ಬಂತು.

"ತಿಂಡಿ ತಿಂದ್ಯಾ?"

"ತಿಂದೆ ಅಮ್ಮಾ. ಇನ್ನೊಂಚೂರು ಸಮಯ ಕೊಡು, ಕೆಲಸ ಇದೆ."

"ನಿನ್ನೆನೂ ಕೆಲಸ ಅಂದೆ. ನನ್ನ ಫೋನಿಗೆ ವರದಿ ಬಂದಿದೆ, ಐವತ್ತೆಂಟು ನಿಮಿಷ ವೀಡಿಯೊ ನೋಡಿದ್ದೀಯ. ಯಾಕೋ ಸುಳ್ಳು ಹೇಳ್ತೀಯ?"

"ಅಮ್ಮಾ, ಅರವತ್ನಾಲ್ಕು ಮನೆ ಬಾಗಿಲು ತೆಗೀಬೇಕು!"



"ಊರವರ ಅರವತ್ನಾಲ್ಕು ಬಾಗಿಲು ತೆಗೀತೀಯ. ನನ್ನ ಬೀರು ಬಾಗಿಲು ಹಿಡ್ಕೊಂಡು ಮೂರು ತಿಂಗಳಾಯ್ತು. ಸ್ವೆಟರ್ ಬೇಕಾದಾಗಲೆಲ್ಲ ಚಮಚ ಹಾಕಿ ಮೀಟ್ತಾ ಇದ್ದೀನಿ. ನಾಲ್ಕು ಸಲ ಹೇಳಿದೆ, ನಾಲ್ಕು ಸಲನೂ ಹೂಂ ಅಂದೆ."

ಮ್ಯಾನೇಜರ್ ಛಾವಣಿ ಚೆನ್ನಾಗಿದೆಯೇ ಎಂದು ಪರೀಕ್ಷಿಸತೊಡಗಿದ. ಮಾಸ್ತರಿಗೆ ನಿಜವಾಗಿಯೂ ನಾಚಿಕೆಯಾಯಿತು. ಕರಡಿಮರಿಯ ಮುಂದೆ ಆಗಿದ್ದ ಅವಮಾನ ಬೇರೆ, ಇದು ಬೇರೆ. ಬೀಗದ ಮಾಸ್ತರನ ತಾಯಿ ಚಮಚ ಹಾಕಿ ಬೀರು ಮೀಟುವುದೆಂದರೆ!

"ಇವತ್ತು ಸಂಜೆನೇ ಸರಿ ಮಾಡ್ತೀನಿ ಅಮ್ಮಾ. ತಪ್ಪಾಯ್ತು."

"ಹದಿನೈದು ನಿಮಿಷ ಕೊಟ್ಟಿದ್ದೀನಿ. ಆಮೇಲೆ ಫೋನ್ ಕೆಳಗಿಡು."

ಪಟ್ಟಿ ತೆರೆಯಿತು. ಮ್ಯಾನೇಜರ್ ಓದಿದ, ಮಾಸ್ತರು ಒಂದೊಂದೇ ಕೀ ಹೆಕ್ಕಿ ಮನೆ ನಂಬರಿನ ಲಕೋಟೆಗೆ ಹಾಕಿದರು. ಹದಿನಾಲ್ಕನೆಯ ನಿಮಿಷಕ್ಕೆ ಅರವತ್ನಾಲ್ಕನೆಯ ಕೀ ಲಕೋಟೆ ಸೇರಿತು. ಬೆವರು ಒರೆಸಿಕೊಂಡು ನಾಲ್ಕು ಮನೆ ತೆಗೆದು ತೋರಿಸಿದರು, ನಾಲ್ಕೂ ಬೆಣ್ಣೆಯ ಹಾಗೆ ತೆರೆದವು. ಮ್ಯಾನೇಜರ್ ಅಲ್ಲೇ ಒಪ್ಪಂದಕ್ಕೆ ಸಹಿ ಹಾಕಿದ. ತುರ್ತಿಗೆ ಸಂಪರ್ಕಿಸಬೇಕಾದ ನಂಬರು ಎನ್ನುವ ಜಾಗ ಬಂದಾಗ ಪೆನ್ನು ನಿಲ್ಲಿಸಿ, "ಅಮ್ಮನವರದ್ದು ಹೇಳಿ" ಎಂದ.

ಸಂಜೆ ಬೀರುವಿನ ಬೀಗ ನಾಲ್ಕು ನಿಮಿಷದಲ್ಲಿ ಸರಿಹೋಯಿತು. ಬೀಗಪಟ್ಟಿಯನ್ನು ಮಾಸ್ತರು ಕಾಗದದಲ್ಲಿ ಬರೆದು ಅಂಗಡಿಯ ಮೂರು ಬೀಗದೊಳಗೆ ಇಟ್ಟರು. ಆದರೂ ಕಂಪನಿಯನ್ನು ಬಿಡಲಿಲ್ಲ. ದಿನಕ್ಕೆ ಒಂದೇ ಗಂಟೆ ಎಂದ ಮೇಲೆ ಅದರ ಮೇಲೆ ಸ್ವಲ್ಪ ಪ್ರೀತಿಯೂ ಹುಟ್ಟಿತ್ತು, ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಹದಿನೈದು ದಿನ ಕಳೆದು ಕಂಪನಿಯ ಓಲೆ ಬಂತು. ಈ ಸಲ ಬಹುವಚನ! "ಮಾನ್ಯರೇ, ನಿಮ್ಮ ದಾಖಲೆ ಪರಿಶೀಲಿಸಿದ್ದೇವೆ. ನಿಮಗೆ ಐವತ್ತೈದು ವರ್ಷ ಎಂದು ದೃಢಪಟ್ಟಿದೆ. ನಿಮ್ಮ ಪೋಷಕರು ಒಪ್ಪಿದರೆ ಮೇಲ್ವಿಚಾರಣೆ ಈಗಲೇ ನಿಲ್ಲುತ್ತದೆ."

ಮಾಸ್ತರು ಕುಣಿಯುತ್ತ ಹೋಗಿ ಫೋನನ್ನು ಅಮ್ಮನ ಮುಂದೆ ಹಿಡಿದರು. ಅಮ್ಮ ಹೆಣಿಗೆ ಕೆಳಗಿಟ್ಟು, ಓಲೆಯನ್ನು ಪೂರ್ತಿ ಓದಿದರು. ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ಇದಕ್ಕೆ ನಿನ್ನ ವಿಷಯ ಎಲ್ಲಾ ಗೊತ್ತು ಅಂತ ಸುಮ್ನೆ ಹೆದರಿದ್ದೆ ಕಣೋ. ಏನೂ ಗೊತ್ತಿಲ್ಲ ಪಾಪ. ನೀನು ದೊಡ್ಡವನಾಗಿದ್ದೀಯ ಅಂತ ನಂಬ್ಕೊಂಡಿದೆ" ಎಂದು ಹೇಳಿ, 'ಒಪ್ಪಿಗೆ ಇಲ್ಲ' ಎನ್ನುವುದನ್ನು ಒತ್ತಿದರು.