ಕಡೇ ಎರಡು ಮ್ಯಾಚು

ಸೋಲುವ ತಂಡದ ಜೊತೆ ಊರೂರು ತಿರುಗಿದವನಿಗೆ ನಗುವುದಕ್ಕೆ ಏನಾದರೊಂದು ಸಿಗುತ್ತಲೇ ಇರುತ್ತದೆ. ತೊಂಬತ್ತರ ಆಚೀಚೆ ನಾನು ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಗುಮಾಸ್ತ. ಪೇಟೆಯ ಹಮಾಲರ ಕಬಡ್ಡಿ ತಂಡಕ್ಕೆ ಮ್ಯಾನೇಜರ್ ಕೂಡ. ಆ ವರ್ಷ ಒಂಬತ್ತು ಮ್ಯಾಚು ಆಡಿದೆವು. ಮೊದಲ ಏಳೂ ಸೋತೆವು.

ಬೆನ್ನ ಮೇಲೊಂದು ಕೈ

ನಮ್ಮ ಕ್ಯಾಪ್ಟನ್ ಎರಡು ಚೀಲ ಒಟ್ಟಿಗೆ ಹೊರುವ ಆಳು. ರಾಣೇಬೆನ್ನೂರಿನಲ್ಲಿ ಎದುರು ತಂಡದವರ ಅಂಕಣಕ್ಕೆ ಗೂಳಿಯಂತೆ ನುಗ್ಗಿದ. ಅವರಲ್ಲೊಬ್ಬ ಹಿಂದಿನಿಂದ ಬೆನ್ನಿಗೆ ಕೈ ಇಟ್ಟದ್ದೇ ತಡ, ಇವನು ಸೊಂಟ ಬಗ್ಗಿಸಿ ಗಪ್ಪನೆ ನಿಂತುಬಿಟ್ಟ. ಏಳು ಮಂದಿ ಮೇಲೆ ಬಿದ್ದರು. ಮುಂದೆ ಮೂರು ಸಲವೂ ಹಾಗೇ ಆಯಿತು.

“ಯಾಕೋ ಬಗ್ಗತಿ?” ಅಂತ ಗದರಿದೆ.

“ಏನ್ ಮಾಡ್ಲಿರಿ, ಬೆನ್ನಿಗೆ ಕೈ ಬಿತ್ತಂದ್ರ ಚೀಲ ಹೊರಸಾಕತ್ತಾರ ಅಂತ ಮೈ ತಾನ ಬಗ್ಗತೈತಿ.”

ಅಂಪೈರಿನ ತೀರ್ಪು

ಎಂಟನೆಯದು ನಮ್ಮೂರಲ್ಲೇ, ಪೇಟೆಯ ಬಯಲಲ್ಲಿ. ಸುಗ್ಗಿ ಏರಿತ್ತು, ಸುತ್ತಲೂ ಮೆಣಸಿನಕಾಯಿ ರಾಶಿ. ಹಾವೇರಿಯಿಂದ ಬಂದ ಹುಡುಗರು “ಕಬಡ್ಡಿ” ಅನ್ನಲು ಬಾಯಿ ತೆರೆದರೆ ಘಾಟು ಗಂಟಲಿಗೆ ಇಳಿದು ಕೆಮ್ಮು ಹತ್ತುತ್ತಿತ್ತು. ಉಸಿರು ಕಡಿದವನು ಔಟು. ಹಮಾಲರಿಗೆ ಘಾಟು ಲೆಕ್ಕಕ್ಕೇ ಇಲ್ಲ. ಆರಾಮಾಗಿ ಗೆದ್ದೆವು.

ಹಾವೇರಿಯ ಮ್ಯಾನೇಜರು ಅಂಪೈರ್ ಹತ್ತಿರ ಹೋಗಿ, “ಇದು ನ್ಯಾಯ ಏನ್ರಿ? ಇಲ್ಲಿ ಘಾಟು ಭಾಳ ಐತಿ,” ಅಂದರು.

ಅಂಪೈರು ಗಂಭೀರವಾಗಿ “ಘಾಟಿಲ್ಲ” ಅನ್ನಲು ಹೋಗಿ, ಹನ್ನೊಂದು ಸಲ ಸೀನಿದರು.

ಸಾವ್ಕಾರರ ಗಡ್ಡ

ತಂಡಕ್ಕೆ ಬನಿಯನ್ ಕೊಡಿಸಿದವರು ನಮ್ಮ ಅಂಗಡಿ ಸಾವ್ಕಾರರು. ಮೂರನೇ ಸೋಲಿಗೇ “ಗೆಲ್ಲೂತನಾ ಗಡ್ಡ ತಗ್ಸೂದಿಲ್ಲ” ಅಂದಿದ್ದರು. ಊರಲ್ಲಿ ಗೆದ್ದಾಗಲೂ ತೆಗೆಸಲಿಲ್ಲ. “ಗೆದ್ದದ್ದು ನೀವಲ್ಲ, ಮೆಣಸಿನಕಾಯಿ,” ಅಂದರು. ಗಡ್ಡ ಎದೆಗೆ ಬಂದಿತ್ತು. ಸಾವ್ಕಾರರು ಸಂಸಾರ ಬಿಡುವವರಿದ್ದಾರೆಂದು ತಿಳಿದು ಹೊಸ ರೈತರು ಕೈ ಮುಗಿದು ಮಾಲು ಇಳಿಸುತ್ತಿದ್ದರು.

ಒಂಬತ್ತನೆಯದು ಕುಪ್ಪೇಲೂರಿನಲ್ಲಿ. ಘಾಟಿಲ್ಲದ ಊರು. ಒಂದೇ ಪಾಯಿಂಟಿನಿಂದ ಗೆದ್ದೆವು.

ಮರುದಿನ ಚಹಾದಂಗಡಿಯಲ್ಲಿ ಇದೇ ಮಾತು. ಸಾವ್ಕಾರರು ಭಜಿ ಕರಿಯುತ್ತಿದ್ದ ಚಾಚಾನನ್ನು ಕೇಳಿದರು, “ಏಳು ಭಜಿ ಹೊತ್ತಿಸಿ ಎರಡು ಚಲೋ ಕರದ್ರ ಅದೇನು ದೊಡ್ಡ ಕೆಲಸ ಏನೋ?”

“ಹಸದಾವ್ರಿಗೆ ಎರಡ ಭಾಳ ಆಗ್ತಾವ್ರಿ,” ಅಂದ ಚಾಚಾ.

ಸಾವ್ಕಾರರಿಗೂ ನಗು ತಡೆಯಲಿಲ್ಲ. ಎದ್ದು ಹೋಗಿ ನುಣ್ಣಗೆ ಕ್ಷೌರ ಮಾಡಿಸಿಕೊಂಡು ನಮ್ಮ ಅಂಗಡಿಯ ಗಾದಿಯ ಮೇಲೆ ಕುಳಿತರು. ಅಷ್ಟರಲ್ಲಿ ರೈತನೊಬ್ಬ ಗಾಡಿ ತುಂಬ ಮಾಲು ತಂದು ಬಾಗಿಲಲ್ಲಿ ನಿಂತ.

“ಸಾವ್ಕಾರ್ರು ಎಲ್ಲಿ ಹೋಗ್ಯಾರ್ರಿ?”

“ನಾನ ಅದೇನಿ, ಮಾಲು ಇಳಸು.”

ರೈತ ಅವರನ್ನು ಮೇಲಿಂದ ಕೆಳಗೆ ನೋಡಿದ. “ಬ್ಯಾಡ್ರಿ. ದೊಡ್ಡಾವ್ರು ಬರ್ಲಿ. ಅವರು ಸತ್ಯವಂತರು,” ಅಂದು ಕಟ್ಟೆಯ ಮೇಲೆ ಕುಳಿತ. ನಾನು ಹೇಳಿದರೂ ನಂಬಲಿಲ್ಲ.

ಸಾವ್ಕಾರರು ಗದ್ದ ಸವರಿಕೊಳ್ಳುತ್ತ ನನ್ನ ಕಡೆ ತಿರುಗಿದರು. “ಮುಂದಿನ ವರ್ಷ ಗೆಲ್ಲೂದಿದ್ರ ಮೊದಲನೇ ಮ್ಯಾಚ ಗೆದ್ದಬಿಡ್ರಿ. ಇಲ್ಲಾಂದ್ರ ಒಂದೂ ಗೆಲ್ಲಬ್ಯಾಡ್ರಿ.”